ಬೀಜವೂ ಭ್ರೂಣವೂ

“ಬೀಜ”ವೆಂಬ ಶಬ್ದವು ಒಕ್ಕಲುತನದಲ್ಲಿ ಪದೇ ಪದೇ ಕೇಳಿಬರತಕ್ಕದ್ದಾಗಿದೆ. ಬಿತ್ತನೆಯ ರಾಗಿಯೂ ಬೀಜವೇ. ತಳಿಗಾಗಿ ಸಾಕಿದ ಹೋರಿಯೂ ಬೀಜದ ಹೋರಿಯೇ. ಈ ಬಳಕೆಯಿಂದ, ಹೋರಿಯು ಕೊಡುವುದು ರಾಗಿಯ ಕಾಳಿನಂತೆ ಪೂರ್ಣವಾದ ಬೀಜವೆಂದೂ, ಹಸುವು ಅದನ್ನು ಧರಿಸುವ ಹೊಲ ಮಾತ್ರವೆಂದೂ ತಪ್ಪು ಭಾವನೆಯುಂಟಾಗುವುದಕ್ಕೆ ಎಡೆಯಿದೆ. ವಸ್ತುಸ್ಥಿತಿಯು ಹಾಗಿಲ್ಲ. ಹೋರಿಯ ವೀರ್ಯಾಣುವು ಅರ್ಧಾಂಶ. ಹಸುವಿನ ಅಂಡಾಣುವು ಇನ್ನರ್ಧಾಂಶ. ಸ್ತನ್ಯಪ್ರಾಣಿಗಳ ಅಂಡಾಣುವನ್ನು ಫಾನ್ ಬೇಯರ್ ಎಂಬ ವಿದ್ವಾಂಸರು 1827ರಲ್ಲಿ ನಾಯಿಯಲ್ಲಿ ಕಂಡುಹಿಡಿದರು. ರಾಗಿಯ ಕಾಳಾದರೋ, ಎರಡು ಅಂಶಗಳೂ ಕೂಡಿ ಬೆಳೆದ ಎಳೆಯ ಸಸಿಯನ್ನು ಒಳಗಿಟ್ಟುಕೊಂಡಿರುವ ವಸ್ತು. ಆದುದರಿಂದ ತಳಿಯನ್ನು ಉತ್ತಮಗೊಳಿಸಬೇಕೆನ್ನುವವರು ಹೋರಿಯೊಂದನ್ನೇ ಅಲ್ಲದೆ ಹಸುವನ್ನೂ ಅಷ್ಟೇ ಎಚ್ಚರಿಕೆಯಿಂದ ಆರಿಸತಕ್ಕದ್ದು.

ಈ ಎರಡು ಅಣುಗಳು ಕೂಡಿದಾಗ ಉಂಟಾಗುವ ಒಂದೇ ಜೀವಕೋಶಕ್ಕೆ ಯುಗ್ಮಜವೆಂದು ಹೆಸರು. ಇದು ಗಾತ್ರದಲ್ಲಿ ಹೆಚ್ಚದೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗುತ್ತದೆ; ಈ ಕ್ರಿಯೆಯು ವಿದಳನವೆನಿಸುವುದು. ಹೀಗೆ ಒಡೆದ ಕೋಶಗಳು ಒತ್ತಾಗಿ ಸೇರಿ ಉಂಡೆಯಾದ ಅವಸ್ಥೆಯನ್ನು ಮೊರುಲಾ ಎನ್ನುತ್ತಾರೆ. ಹಿಪ್ಪುನೇರಳೆಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದ ಈ ಮಾತು ಹುಟ್ಟಿತು. ಉಂಡೆಯ ರೂಪವು ರೇಷ್ಮೆ ಬೆಳೆಗಾರರು ಬಲ್ಲ ಆ ಹಣ್ಣಿನಂತೆಯೇ ಇರುತ್ತದೆ. ಹಸುವಿನಲ್ಲಿ ಸುಮಾರು ಏಳೆಂಟು ದಿನಗಳಾಗುವ ವೇಳೆಗೆ ಉಂಡೆಯೊಳಗೆ ನೀರು ತುಂಬಿ ಅದು ಗುಳ್ಳೆಯಂತಾಗುವುದು, ಇದೇ ಬ್ಲಾಸ್ಟೊಸಿಸ್ಟ್. ಗುಳ್ಳೆಯ ಒಳಗಿನ ಸಣ್ಣ ಮುದ್ದೆಯಿಂದ ಕರುವೂ, ಹೊರಗಿನ ಪದರದಿಂದ ಮಾಸಿನ ಭಾಗವೂ ಆಗುತ್ತವೆ. ಬಳಿಕ ಆ ಮುದ್ದೆಯು ಮೂರು ಪದರಗಳಾಗಿ ಏರ್ಪಡುತ್ತದೆ. ಹೊರಪದರದಿಂದ ಮೇಲ್ಚರ್ಮವೂ ನರಮಂಡಲವೂ, ನಡುಪದರದಿಂದ ಮಾಂಸ, ಮೂಳೆ, ರಕ್ತಗಳೂ, ಒಳಪದರದಿಂದ ಕರುಳಿನ ಒಳಪೊರೆಯೂ ಹುಟ್ಟುತ್ತವೆ.

ಅಂಗಾಂಗಗಳು ಮೂಡುವವರೆಗೆ ಗರ್ಭದಲ್ಲಿರುವುದು ಭ್ರೂಣ. ಮೂಡಿದ ಮೇಲೆ ಬೆಳೆಯುವುದು ಪಿಂಡ. ಈ ಎರಡು ಶಬ್ದಗಳನ್ನು ಕನ್ನಡದಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ದನಗಳ ಸಂತಾನೋತ್ಪತ್ತಿಯ ಪರಿಭಾಷೆಯನ್ನು ಕುರಿತು 1972ರಲ್ಲಿ ಶಿಫಾರಸು ಮಾಡಿದ ಸಮಿತಿಯು, ಭ್ರೂಣದ ಕಾಲವು ಸುಮಾರು 42ನೆಯ ದಿನಕ್ಕೆ ಮುಗಿಯುವುದೆಂದು ಗೊತ್ತುಪಡಿಸಿತು. ಸುಮಾರು 280 ದಿನಗಳ ಗಬ್ಬದಲ್ಲಿ ಇದು ಅಲ್ಪಕಾಲವೇ. ಆದರೂ ಹೆಚ್ಚಿನ ನಷ್ಟವು ಸಂಭವಿಸುವುದು ಈ ಅವಧಿಯಲ್ಲಿಯೇ. ಪಿಂಡವು ಸತ್ತು ಹೊರಬಿದ್ದರೆ ಹಸುವು ಕಂದು ಹಾಕಿತೆಂದು ಎಲ್ಲರಿಗೂ ತಿಳಿಯುತ್ತದೆ. ಭ್ರೂಣವು ಸತ್ತರೆ ಸಾಮಾನ್ಯವಾಗಿ ಏನೂ ಕಣ್ಣಿಗೆ ಬೀಳುವುದಿಲ್ಲ. “ಗಬ್ಬ ನಿಲ್ಲಲಿಲ್ಲ” ಎಂಬ ಒಂದೇ ಮಾತಿನಲ್ಲಿ ಸಂಗತಿಯು ಮುಗಿದುಹೋಗುತ್ತದೆ.

ಈ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಅಂಡಾಣುವು ಫಲಿಸದೆ ಹೋಗಿರಬಹುದು. ಇಲ್ಲವೆ ಫಲಿಸಿ, ಭ್ರೂಣವಾಗಿ, ಆಮೇಲೆ ಸತ್ತಿರಬಹುದು. ಬದುಕಿರುವ ಭ್ರೂಣವು ಸುಮಾರು 16ನೆಯ ದಿನದ ವೇಳೆಗೆ ತನ್ನ ಇರವನ್ನು ತಾಯಿಯ ದೇಹಕ್ಕೆ ಸೂಚಿಸಿ, ಮುಂದಿನ ಬೆದೆಯನ್ನು ತಡೆಯುತ್ತದೆ. ಅದಕ್ಕೆ ಮೊದಲೇ ಸತ್ತರೆ ಹಸುವು ವಾಡಿಕೆಯಂತೆ ಸುಮಾರು 21 ದಿನಕ್ಕೆ ಬೆದೆಗೆ ಬರುವುದು. ಅನಂತರ ಸತ್ತರೆ ಬೆದೆಯು ತಡವಾಗುವುದು. ಆದುದರಿಂದ ಹೋರಿ ಕೊಡಿಸಿದ ದಿನವನ್ನೂ ಮರಳಿ ಬೆದೆ ಬಂದ ದಿನವನ್ನೂ ಬರೆದಿಟ್ಟುಕೊಳ್ಳುವುದು ಅವಶ್ಯಕ. ನಡುವಿನ ಒಂದು ಬೆದೆಯು ಗಮನಕ್ಕೆ ಬಾರದೆ ಹೋಗಿದ್ದರೂ ದಿನಗಳು ಹೆಚ್ಚಾಗಿ ಕಾಣಬಹುದಾದ ಕಾರಣ, ಪಶುವೈದ್ಯರು ಆ ಲೆಕ್ಕವನ್ನು ನೋಡಿ, ಹಸುವನ್ನು ಪರೀಕ್ಷಿಸಿ ನಿರ್ಣಯಿಸತಕ್ಕದ್ದು. ಲೆಕ್ಕವೇ ಇಲ್ಲದಿದ್ದರೆ ತಪ್ಪೆಲ್ಲವೂ ಹೋರಿಯ ಮೇಲೋ ಹಸುವಿನ ಮೇಲೋ ಸುಮ್ಮನೆ ಹೊರಿಸಲ್ಪಡುತ್ತದೆ.

ಸಸ್ಯಗಳಲ್ಲಿಯೂ ಯುಗ್ಮಜ, ಭ್ರೂಣವೆಂಬ ಮಾತುಗಳು ಸಲ್ಲುತ್ತವೆ. ಮೊರುಲಾ, ಬ್ಲಾಸ್ಟೊಸಿಸ್ಟ್ ಎಂಬುವು ಸಲ್ಲವು. ಹೂಬಿಡುವ ಗಿಡಗಳಲ್ಲಿ ಪರಾಗದ ನಳಿಕೆಯು ಎರಡು ಪುರುಷಾಣುಗಳನ್ನು ತರುತ್ತದೆ. ಒಂದು ಅಂಡಾಣುವಿನೊಡನೆ ಕೂಡಿ ಭ್ರೂಣಕ್ಕೆ ಮೂಲವಾಗುವುದು. ಮತ್ತೊಂದು ಬೇರೊಂದು ಕೋಶದೊಡನೆ ಕೂಡಿ ಭ್ರೂಣಾಹಾರಕ್ಕೆ ಮೂಲವಾಗುವುದು. ಈ ಇಮ್ಮಡಿ ನಿಷೇಚನವನ್ನು ರಷ್ಯದ ನವಾಷಿನ್ ಎಂಬವರು 1898ರಲ್ಲಿ ಪ್ರಕಟಪಡಿಸಿದರು. ತೆಂಗಿನ ಎಳನೀರೂ ತಿರುಳೂ ಭ್ರೂಣಾಹಾರವೇ. ಭ್ರೂಣವು ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಕೆಳಗೆ ಅಡಗಿರುವ ಚಿಕ್ಕ ಮೊಳೆ. ಮೊಳೆತ ಕಾಯಿಯನ್ನು ಒಡೆದಾಗ ಕಾಣುವ “ಹೂವು” ಹೂವಲ್ಲ. ಆಹಾರವನ್ನು ಹೀರಲು ಉಬ್ಬಿದ ಬೀಜದಳ. ರಾಗಿಯಲ್ಲಿ ಹಿಟ್ಟಾಗುವುದು ಬಹುಪಾಲು ಭ್ರೂಣಾಹಾರ. ತೊಗರಿಯಲ್ಲಾದರೋ ಭ್ರೂಣವು ಆ ಆಹಾರವನ್ನು ಮೊದಲೇ ಉಂಡು, ತನ್ನ ಎರಡು ಬೀಜದಳಗಳಲ್ಲಿ ತುಂಬಿಕೊಂಡಿರುತ್ತದೆ, ಅವೇ ಬೇಳೆಗಳು. ಕಾಳನ್ನು ಒಡೆದು ಬೇಳೆ ಮಾಡುವಾಗ ಮೊಳಕೆಯ ಮೂಲವು ಮುರಿದುಹೋಗುವುದರಿಂದಲೇ ಬೇಳೆಯು ಮೊಳೆಯುವುದಿಲ್ಲ.

ಪ್ರಾಣಿಯ ಭ್ರೂಣದಲ್ಲಿ ಮುಖ್ಯ ಅಂಗಗಳೆಲ್ಲವೂ ಮೂಡುತ್ತವೆ. ಸಸ್ಯದ ಭ್ರೂಣದಲ್ಲಿ ಬೇರಿನ ತುದಿ, ಕಾಂಡದ ತುದಿ, ಬೀಜದಳಗಳು ಇಷ್ಟೇ ಇದ್ದು, ಮಿಕ್ಕುದನ್ನು ಗಿಡವು ಜೀವಮಾನವೆಲ್ಲ ಸೇರಿಸಿಕೊಳ್ಳುತ್ತದೆ. ಆದರೆ ಜೀವವು ಎರಡರಲ್ಲಿಯೂ ಉಂಟು. ವಾಡೆಯಲ್ಲಿರುವ ಬಿತ್ತನೆಯ ಕಾಳು ಮೆಲ್ಲಗೆ ಉಸಿರಾಡುತ್ತಿರುವ ಭ್ರೂಣ. ತೇವವೂ ಶಾಖವೂ ತಗುಲಿದರೆ ಆ ಉಸಿರು ಹೆಚ್ಚಿ, ಕೂಡಿಟ್ಟ ಆಹಾರವು ವ್ಯಯವಾಗಿ, ಕಾಳು ನೋಟಕ್ಕೆ ಕೆಡದೆಯೇ ಒಳಗಿನ ಭ್ರೂಣವು ಸಾಯಬಹುದು. ಆದುದರಿಂದ ರೈತರು ಬೀಜವನ್ನು ಚೆನ್ನಾಗಿ ಒಣಗಿಸಿ ತಂಪಾದ ಸ್ಥಳದಲ್ಲಿಡತಕ್ಕದ್ದು. ಬಿತ್ತನೆಗೆ ಮುಂಚೆ ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು, ಎಷ್ಟು ಮೊಳೆಯುತ್ತವೆಂಬುದನ್ನು ಎಣಿಸಿ ನೋಡತಕ್ಕದ್ದು.