ಪಾಸ್ಟರ್ ಮತ ಕೇಳಬಹುದೇ? ಪ್ರಸಂಗಪೀಠಕ್ಕೂ ಪ್ರಚಾರಕ್ಕೂ ನಡುವಿನ ಗೆರೆ

ಚಿಕ್ಕಬಳ್ಳಾಪುರ: 2019ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರ ಮತ್ತು ಕೋಲಾರ ಕ್ಷೇತ್ರಗಳಿಗೆ ಮತದಾನ ನಡೆದದ್ದು ಏಪ್ರಿಲ್ 18ರಂದು. ಕ್ರೈಸ್ತರಿಗೆ ಅಂದು ಪವಿತ್ರ ಗುರುವಾರ, ಮರುದಿನ ಶುಭ ಶುಕ್ರವಾರ. ಅದಕ್ಕೂ ನಾಲ್ಕು ದಿನ ಹಿಂದೆ, ವರ್ಷದಲ್ಲಿ ಚರ್ಚುಗಳು ತುಂಬಿ ತುಳುಕುವ ಕೆಲವೇ ದಿನಗಳಲ್ಲಿ ಒಂದಾದ ಗರಿಗಳ ಭಾನುವಾರದಂದು, ಬಹಿರಂಗ ಪ್ರಚಾರ ಅಂತಿಮ ಘಟ್ಟ ತಲುಪಿತ್ತು. ಅಂತಹ ಭಾನುವಾರದ ಪ್ರಸಂಗದಲ್ಲಿ ಸಭಾಪಾಲಕರು ಚುನಾವಣೆಯ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು? ಆರಾಧನೆ ಮುಗಿದ ಮೇಲೆ ಅವರೇ ಅಭ್ಯರ್ಥಿಯೊಬ್ಬರ ಜೊತೆ ಬೀದಿಗಿಳಿದು ಮನೆಮನೆಗೆ ಹೋದರೆ ತಪ್ಪೇ? ಚುನಾವಣೆ ಬಂದಾಗಲೆಲ್ಲ ಏಳುವ ಈ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. ಆದರೆ ಅದು ಸಾಮಾನ್ಯವಾಗಿ ಭಾವಿಸಿರುವಷ್ಟು ಸರಳವಾಗಿಲ್ಲ.

ಮೊದಲಿಗೆ ಈ ಸೀಮೆಯ ರಾಜಕೀಯ ನಕ್ಷೆಯನ್ನು ಗಮನಿಸಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಒಂದೇ ಜಿಲ್ಲೆಗೆ ಸೇರಿವೆ. ಲೋಕಸಭೆಯ ವಿಚಾರಕ್ಕೆ ಬಂದರೆ ಮಾತ್ರ ದಾರಿ ಕವಲೊಡೆಯುತ್ತದೆ. ಚಿಕ್ಕಬಳ್ಳಾಪುರ ಮತ್ತು ಗೌರಿಬಿದನೂರು ಚಿಕ್ಕಬಳ್ಳಾಪುರ ಸಾಮಾನ್ಯ ಕ್ಷೇತ್ರದಲ್ಲಿದ್ದರೆ, ಚಿಂತಾಮಣಿ ಮತ್ತು ಶಿಡ್ಲಘಟ್ಟ ಪರಿಶಿಷ್ಟ ಜಾತಿಗೆ ಮೀಸಲಾದ ಕೋಲಾರ ಕ್ಷೇತ್ರದಲ್ಲಿವೆ. ಈ ವ್ಯತ್ಯಾಸ ಪಾಸ್ಟರ್‌ಗಳ ಪಾಲಿಗೆ ಎಷ್ಟು ನಿರ್ಣಾಯಕವೆಂಬುದು ಮುಂದೆ ತಿಳಿಯುತ್ತದೆ.

ಕ್ರೈಸ್ತರ ಸಂಖ್ಯೆ ಇಲ್ಲಿ ಕರಾವಳಿಯಂತಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.87. ಅದರಲ್ಲಿಯೂ ಈ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಅವರು ಅಲ್ಪಸಂಖ್ಯಾತರಲ್ಲಿ ಅಲ್ಪಸಂಖ್ಯಾತರು. ಲಂಡನ್ ಮಿಷನ್ನಿನ ಕಾಲದ ಪರಂಪರೆಯ ಸಿಎಸ್‌ಐ ಸಭೆಗಳು, ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ ಕ್ಯಾಥೊಲಿಕ್ ದೇವಾಲಯಗಳು, ಇವೆರಡಕ್ಕೂ ಸೇರದೆ ಬಾಡಿಗೆ ಕಟ್ಟಡದಲ್ಲೋ ಮನೆಯ ಹಜಾರದಲ್ಲೋ ಕನ್ನಡ, ತೆಲುಗು ಎರಡರಲ್ಲೂ ಪ್ರಾರ್ಥನೆ ನಡೆಸುವ ಸ್ವತಂತ್ರ ಸಭೆಗಳು, ಹೀಗೆ ಮೂರು ಬಗೆ. ಹಾಗಿದ್ದರೂ ನೂರಿನ್ನೂರು ಮತಗಳೂ ಲೆಕ್ಕಕ್ಕೆ ಬರುವ ಚುನಾವಣೆಗಳಲ್ಲಿ ಪಾಸ್ಟರ್ ಒಬ್ಬರ ಮಾತಿಗೆ ಬೆಲೆಯಿದೆ ಎಂಬುದು ರಾಜಕೀಯ ಪಕ್ಷಗಳಿಗೆ ಗೊತ್ತು.

ಕಾನೂನು ಹೇಳುವುದೇನು?

ಧರ್ಮಗುರುಗಳು ರಾಜಕೀಯದ ಹತ್ತಿರ ಸುಳಿಯಲೇಬಾರದು ಎಂದು ಭಾರತದ ಯಾವ ಕಾನೂನೂ ಹೇಳುವುದಿಲ್ಲ. ಸಂವಿಧಾನ ರಚನಾ ಸಭೆಯಲ್ಲೇ ಮಂಗಳೂರು ಮೂಲದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜಾ ಸದಸ್ಯರಾಗಿದ್ದರು. ಅಸ್ಸಾಮಿನಿಂದ ಬಂದ ಪಾಸ್ಟರ್ ಜೆ. ಜೆ. ಎಂ. ನಿಕೋಲ್ಸ್ ರಾಯ್ ಆರನೇ ಅನುಸೂಚಿಯ ಪ್ರಮುಖ ರೂವಾರಿಗಳಲ್ಲಿ ಒಬ್ಬರು. ಪಾಸ್ಟರ್ ಒಬ್ಬ ಮತದಾರ, ಒಬ್ಬ ಪ್ರಜೆ. ಪಕ್ಷದ ಸದಸ್ಯನಾಗಲು, ಕರಪತ್ರ ಹಂಚಲು, ಸಾರ್ವಜನಿಕ ಸಭೆಯಲ್ಲಿ ಮಾತನಾಡಲು ಅವನಿಗೆ ಉಳಿದವರಷ್ಟೇ ಹಕ್ಕಿದೆ.

ನಿರ್ಬಂಧವಿರುವುದು ಮಾತಿನ ಸ್ವರೂಪಕ್ಕೆ ಮತ್ತು ಮಾತನಾಡುವ ಸ್ಥಳಕ್ಕೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಭ್ರಷ್ಟ ಚುನಾವಣಾ ನಡವಳಿಕೆಗಳನ್ನು ಪಟ್ಟಿ ಮಾಡುತ್ತದೆ. ಅದರ ಎರಡನೇ ಉಪಕಲಂ 'ಅನುಚಿತ ಪ್ರಭಾವ'ದ ಬಗ್ಗೆ. ಇಂಥವರಿಗೆ ಮತ ಹಾಕಿದರೆ ಅಥವಾ ಹಾಕದಿದ್ದರೆ ದೈವಕೋಪಕ್ಕೆ ಗುರಿಯಾಗುತ್ತೀರಿ, ಧಾರ್ಮಿಕ ಖಂಡನೆಗೆ ಒಳಗಾಗುತ್ತೀರಿ ಎಂದು ಮತದಾರನನ್ನು ನಂಬಿಸುವುದು ಇದರಡಿ ಬರುತ್ತದೆ. ಮೂರನೇ ಉಪಕಲಂ ಧರ್ಮ, ಜಾತಿ, ಜನಾಂಗ, ಸಮುದಾಯ, ಭಾಷೆಯ ಆಧಾರದಲ್ಲಿ ಮತ ಕೇಳುವುದನ್ನು ನಿಷೇಧಿಸುತ್ತದೆ.

ಗುರುವಿನ ಮಾತು ಸಲಹೆಯಾಗಿ ಎಲ್ಲಿಯವರೆಗೆ ಉಳಿಯುತ್ತದೆ, ಆಜ್ಞೆಯಾಗಿ ಯಾವಾಗ ಮಾರ್ಪಡುತ್ತದೆ? ಸುಪ್ರೀಂ ಕೋರ್ಟ್ 1959ರಷ್ಟು ಹಿಂದೆಯೇ ರಾಮ್ ದಯಾಳ್ ಮತ್ತು ಸಂತ್ ಲಾಲ್ ನಡುವಿನ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅಂದಿನ ಪಂಜಾಬ್ ವಿಧಾನಸಭಾ ಚುನಾವಣೆಯಲ್ಲಿ ನಾಮಧಾರಿ ಸಿಖ್ಖರ ಸದ್ಗುರುಗಳು ತಮ್ಮ ಅನುಯಾಯಿಗಳು ನಿರ್ದಿಷ್ಟ ಅಭ್ಯರ್ಥಿಗೇ ಮತ ಹಾಕಬೇಕೆಂದು ಹುಕುಂ ಹೊರಡಿಸಿದ್ದರು. ಅಭ್ಯರ್ಥಿಗಳ ಯೋಗ್ಯತೆಯ ಬಗ್ಗೆ ಅಭಿಪ್ರಾಯ ಹೇಳಲು, ಪ್ರಚಾರ ಮಾಡಲು ಧರ್ಮಗುರುವಿಗೂ ಸ್ವಾತಂತ್ರ್ಯವಿದೆ. ಆದರೆ ಆತನ ಮಾತು ಅನುಯಾಯಿಗೆ ಬೇರೆ ಆಯ್ಕೆಯೇ ಇಲ್ಲ ಎಂಬ ಸ್ಥಿತಿಯನ್ನು ಉಂಟುಮಾಡಿದರೆ ಅದು ಅನುಚಿತ ಪ್ರಭಾವ ಎಂದು ನ್ಯಾಯಾಲಯ ಹೇಳಿತು. ಗೆದ್ದವರ ಆಯ್ಕೆ ಊರ್ಜಿತವಾಗಲಿಲ್ಲ. ಆರು ದಶಕ ದಾಟಿದ ಈ ತೀರ್ಪಿನ ತರ್ಕ ಮಠ, ಮಸೀದಿ, ಗುರುದ್ವಾರ, ಚರ್ಚು ಎಲ್ಲಕ್ಕೂ ಅನ್ವಯಿಸುತ್ತದೆ.

'ಅವನ ಧರ್ಮ' ಅಂದರೆ ಯಾರ ಧರ್ಮ?

ಮೂರನೇ ಉಪಕಲಂನಲ್ಲಿರುವ 'ಅವನ ಧರ್ಮ' ಎಂಬ ಎರಡೇ ಪದಗಳು ದಶಕಗಳ ಕಾಲ ಗೊಂದಲ ಹುಟ್ಟಿಸಿದ್ದವು. ಅಭ್ಯರ್ಥಿಯ ಧರ್ಮವೇ ಅಥವಾ ಮತದಾರನ ಧರ್ಮವೂ ಸೇರುತ್ತದೆಯೇ? ಮೊದಲನೆಯ ಅರ್ಥವನ್ನಷ್ಟೇ ಒಪ್ಪಿದ್ದರೆ, ಹಿಂದೂ ಅಭ್ಯರ್ಥಿಯ ಪರವಾಗಿ ಪಾಸ್ಟರ್ ಒಬ್ಬರು "ಕ್ರೈಸ್ತರಾದ ನೀವೆಲ್ಲರೂ ಇವರಿಗೇ ಮತ ಹಾಕಿ" ಎಂದರೆ ಕಾನೂನಿನ ಕೈಗೆ ಸಿಗುತ್ತಿರಲಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಅಭ್ಯರ್ಥಿಗಳು ಬಹುತೇಕ ಕ್ರೈಸ್ತೇತರರೇ ಆಗಿರುವುದರಿಂದ ಇದು ಇಲ್ಲಿನ ಮಟ್ಟಿಗೆ ಬರಿಯ ವ್ಯಾಕರಣದ ಜಗಳವಲ್ಲ. ಅಭಿರಾಮ್ ಸಿಂಗ್ ಮತ್ತು ಸಿ. ಡಿ. ಕೊಮ್ಮಾಚನ್ ನಡುವಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು–ಮೂರರ ಬಹುಮತದಿಂದ ಇದನ್ನು ಇತ್ಯರ್ಥಪಡಿಸಿತು. ಅಭ್ಯರ್ಥಿ, ಅವನ ಏಜೆಂಟ್, ಅವನ ಒಪ್ಪಿಗೆಯಿಂದ ಮಾತನಾಡುವವನು, ಮತದಾರ, ಈ ಯಾರ ಧರ್ಮವನ್ನು ಹಿಡಿದು ಮತ ಕೇಳಿದರೂ ಅದು ಭ್ರಷ್ಟ ನಡವಳಿಕೆಯೇ. ಸಮುದಾಯವೊಂದು ಅನುಭವಿಸುವ ಅನ್ಯಾಯದ ಚರ್ಚೆಯೇ ಇದರಿಂದ ನಿಂತುಹೋಗಬಾರದು ಎಂದು ಮೂವರು ನ್ಯಾಯಮೂರ್ತಿಗಳು ವ್ಯಕ್ತಪಡಿಸಿದ ಭಿನ್ನಮತವೂ ತೂಕವುಳ್ಳದ್ದೇ.

ಆ ಭಿನ್ನಮತದ ಮಹತ್ವ ಅರ್ಥವಾಗಬೇಕಾದರೆ ಚಿಕ್ಕಬಳ್ಳಾಪುರದ ಸೂಸೈಪಾಳ್ಯವನ್ನು ನೆನೆಯಬೇಕು. 2020ರಲ್ಲಿ ಅಲ್ಲಿನ ಬೆಟ್ಟದ ಮೇಲಿದ್ದ ಶಿಲುಬೆಗಳನ್ನು ಆಡಳಿತ ತೆರವುಗೊಳಿಸಿತು. 2021ರ ಡಿಸೆಂಬರ್ 23ರಂದು ಅದೇ ಊರಿನ ಶತಮಾನ ದಾಟಿದ ಸಂತ ಜೋಸೆಫರ ದೇವಾಲಯದ ಆವರಣದಲ್ಲಿ ಸಂತ ಅಂತೋಣಿಯವರ ಪ್ರತಿಮೆಗೆ ಹಾನಿಯಾಯಿತು. ಅಂದೇ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. ಮಸೂದೆ 2022ರಲ್ಲಿ ಕಾಯ್ದೆಯಾಯಿತು. ಬಲವಂತದ ಅಥವಾ ಆಮಿಷದ ಮತಾಂತರಕ್ಕೆ ಮೂರರಿಂದ ಐದು ವರ್ಷ, ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿತ್ತು. ಮತಾಂತರಗೊಂಡವರ ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಗಳೂ ದೂರು ಕೊಡಬಹುದಿತ್ತು. ಸರ್ಕಾರ ಬದಲಾದ ಮೇಲೆ 2023ರ ಜೂನ್ 15ರಂದು ಸಚಿವ ಸಂಪುಟ ಅದರ ರದ್ದತಿಗೆ ತೀರ್ಮಾನಿಸಿತು. ಇಂತಹ ಕಾಯ್ದೆಯ ಅಳಿವು ಉಳಿವು ಚುನಾವಣೆಯ ಫಲಿತಾಂಶವನ್ನೇ ಅವಲಂಬಿಸಿರುವಾಗ ಪಾಸ್ಟರ್‌ಗಳು ಬಾಯಿಗೆ ಬೀಗ ಹಾಕಿಕೊಂಡು ಕೂರಲಿ ಎನ್ನುವುದು ನ್ಯಾಯವಲ್ಲ. ಕಾಯ್ದೆಯನ್ನು ಟೀಕಿಸಬಹುದು, ರದ್ದುಪಡಿಸಿ ಎಂದು ಎಲ್ಲ ಪಕ್ಷಗಳನ್ನೂ ಕೇಳಬಹುದು. "ಕ್ರಿಸ್ತನ ಮಕ್ಕಳಾದ ನಿಮ್ಮ ಮತ ಈ ಚಿಹ್ನೆಗೆ" ಎಂದ ಕ್ಷಣ ಗೆರೆ ದಾಟಿದಂತೆ.

ಸ್ಥಳದ ವಿಷಯದಲ್ಲಿ ಗೊಂದಲವಿಲ್ಲ. ದೇವಾಲಯ, ಮಸೀದಿ, ಚರ್ಚುಗಳನ್ನು ಪ್ರಚಾರ ವೇದಿಕೆಯಾಗಿ ಬಳಸಬಾರದೆಂದು ಮಾದರಿ ನೀತಿ ಸಂಹಿತೆ ಹೇಳುತ್ತದೆ. 1988ರ ಧಾರ್ಮಿಕ ಸಂಸ್ಥೆಗಳ (ದುರುಪಯೋಗ ತಡೆ) ಕಾಯ್ದೆ ಇನ್ನೂ ಕಠಿಣ: ಆವರಣವನ್ನಾಗಲಿ, ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಉತ್ಸವ, ಸಭೆಗಳನ್ನಾಗಲಿ ರಾಜಕೀಯಕ್ಕೆ ಬಿಟ್ಟುಕೊಟ್ಟರೆ ಐದು ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ. ಅಭ್ಯರ್ಥಿ ಚರ್ಚಿಗೆ ಬಂದು ಮೊಣಕಾಲೂರಿ ಪ್ರಾರ್ಥಿಸಿದರೆ ಅದು ಅವರ ಭಕ್ತಿ. ಅವರನ್ನು ಪ್ರಸಂಗಪೀಠದ ಪಕ್ಕ ನಿಲ್ಲಿಸಿ ಚಿಹ್ನೆ ಹೇಳಿಕೊಟ್ಟರೆ ಅದು ಪ್ರಚಾರ.

ಎಡವಿದವರು, ಎಚ್ಚರಿಕೆ ಪಡೆದವರು

ಇವೆಲ್ಲ ಕಾಗದದ ಮೇಲಿನ ಮಾತುಗಳಲ್ಲ. 2004ರಲ್ಲಿ ಕೇರಳದ ಮೂವಾಟ್ಟುಪುಳದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಪಿ. ಸಿ. ಥಾಮಸ್ ಅವರ ಗೆಲುವನ್ನು ಅಲ್ಲಿನ ಹೈಕೋರ್ಟ್ 2006ರಲ್ಲಿ ರದ್ದುಪಡಿಸಿತು. ಪೋಪ್ ಎರಡನೇ ಜಾನ್ ಪಾಲ್ ಮತ್ತು ಮದರ್ ತೆರೇಸಾ ಅವರ ಚಿತ್ರಗಳನ್ನು ಪ್ರಚಾರ ಸಾಮಗ್ರಿಯಲ್ಲಿ ಬಳಸಿ ಧರ್ಮದ ಹೆಸರಿನಲ್ಲಿ ಮತ ಕೇಳಿದ್ದು ಕಾರಣ. 2009ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. 2017ರ ನವೆಂಬರ್‌ನಲ್ಲಿ ಗುಜರಾತ್ ವಿಧಾನಸಭಾ ಚುನಾವಣೆಗೆ ಮುನ್ನ, ರಾಷ್ಟ್ರೀಯವಾದಿ ಶಕ್ತಿಗಳಿಂದ ದೇಶವನ್ನು ಉಳಿಸಲು ಪ್ರಾರ್ಥಿಸಿ ಎಂದು ಪತ್ರ ಬರೆದ ಗಾಂಧಿನಗರದ ಮಹಾಧರ್ಮಾಧ್ಯಕ್ಷ ಥಾಮಸ್ ಮೆಕ್ವಾನ್ ಅವರಿಗೆ ಜಿಲ್ಲಾ ಚುನಾವಣಾಧಿಕಾರಿಯಿಂದ ನೋಟಿಸ್ ಬಂತು. ಆ ಪತ್ರದಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ.

ಶಿಕ್ಷೆ ಅಭ್ಯರ್ಥಿಗೆ ಮಾತ್ರ ಎಂದು ಭಾವಿಸುವವರೂ ಇದ್ದಾರೆ. ಫಲಿತಾಂಶ ಪ್ರಕಟವಾದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ವಿಚಾರಣೆಯಲ್ಲಿ ಭ್ರಷ್ಟ ನಡವಳಿಕೆ ಸಾಬೀತಾದರೆ, 99ನೇ ಕಲಂ ಪ್ರಕಾರ ನ್ಯಾಯಾಲಯ ಅದರಲ್ಲಿ ಭಾಗಿಯಾದ ಇತರರ ಅಹವಾಲು ಕೇಳಿ ಅವರನ್ನೂ ಹೆಸರಿಸಬೇಕು. ಹಾಗೆ ಹೆಸರಿಸಲ್ಪಟ್ಟವರನ್ನು ಆರು ವರ್ಷದವರೆಗೆ ಅನರ್ಹಗೊಳಿಸಲು ಅವಕಾಶವಿದೆ. ಅಷ್ಟೂ ಕಾಲ ಅವರಿಗೆ ಮತದಾನದ ಹಕ್ಕೂ ಇರುವುದಿಲ್ಲ. ಅಭ್ಯರ್ಥಿಯ ಒಪ್ಪಿಗೆ ಸಾಬೀತಾಗದಿದ್ದರೂ ಭಾರತೀಯ ನ್ಯಾಯ ಸಂಹಿತೆಯಡಿ ಪಾಸ್ಟರ್ ಮೇಲೆ ಪ್ರತ್ಯೇಕ ಮೊಕದ್ದಮೆ ಹೂಡಬಹುದು.

ಇಷ್ಟಾಗಿಯೂ ಈ ಸೀಮೆಯ ಸಣ್ಣ ಸಭೆಗಳ ನಿಜವಾದ ಆತಂಕ ನ್ಯಾಯಾಲಯದ್ದಲ್ಲ. ಸ್ಮಶಾನಕ್ಕೆ ಜಾಗ, ಚರ್ಚಿನ ಕಾಂಪೌಂಡ್, ಸಮುದಾಯ ಭವನ, ಪ್ರಾರ್ಥನೆಗೆ ಅಡ್ಡಿಯಾದಾಗ ಠಾಣೆಗೆ ಒಂದು ದೂರವಾಣಿ ಕರೆ, ಇವೆಲ್ಲಕ್ಕೂ ಸ್ಥಳೀಯ ನಾಯಕರ ಬಾಗಿಲು ತಟ್ಟಲೇಬೇಕು. ಆ ಬಾಗಿಲಿನ ಋಣ ಚುನಾವಣೆಯಲ್ಲಿ ವಾಪಸು ಕೇಳಲ್ಪಡುತ್ತದೆ. ಸಾರ್ವಜನಿಕ ಕಾಮಗಾರಿಯ ಭರವಸೆಯನ್ನು ಕಾಯ್ದೆ ಅನುಚಿತ ಪ್ರಭಾವವೆಂದು ಎಣಿಸುವುದಿಲ್ಲ. ಪಾಸ್ಟರ್ ಕೈಗೆ ಮತಕ್ಕಾಗಿ ಬರುವ ಲಕೋಟೆ ಮಾತ್ರ ಲಂಚವೇ. ಇನ್ನು, ಬಹಿರಂಗವಾಗಿ ಒಂದು ಪಕ್ಷದ ಪರ ನಿಂತು ಆ ಪಕ್ಷ ಸೋತರೆ ಮುಂದಿನ ಐದು ವರ್ಷ ಅದರ ಬೆಲೆ ತೆರುವವರು ಪಾಸ್ಟರ್ ಒಬ್ಬರೇ ಅಲ್ಲ, ಬಾಡಿಗೆ ಹಜಾರದಲ್ಲಿ ಕುಳಿತು ಪ್ರಾರ್ಥಿಸುವ ಮೂವತ್ತು ಕುಟುಂಬಗಳು. ಬಲಾಢ್ಯ ಮಠಗಳಿಗೆ ಈ ಭಯವಿಲ್ಲ. 2021ರ ಜುಲೈನಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರ ಪರವಾಗಿ ಹತ್ತಾರು ಸ್ವಾಮೀಜಿಗಳು ಅವರ ನಿವಾಸಕ್ಕೇ ಬಂದಿದ್ದರು. 2024ರಲ್ಲಿ ಫಕೀರ ದಿಂಗಾಲೇಶ್ವರ ಸ್ವಾಮೀಜಿ ಧಾರವಾಡದಲ್ಲಿ ಸ್ಪರ್ಧೆ ಘೋಷಿಸಿ ಆಮೇಲೆ ಹಿಂದೆ ಸರಿದರು. ಕಾನೂನು ಎಲ್ಲರಿಗೂ ಒಂದೇ, ಪರಿಣಾಮ ಒಂದೇ ಅಲ್ಲ.

ಪಾಸ್ಟರೇ ಅಭ್ಯರ್ಥಿಯಾದರೆ?

ಕ್ಯಾಥೊಲಿಕ್ ಪಾದ್ರಿಗಳಿಗೆ ಧರ್ಮಸಭೆಯ ನಿಯಮವೇ ಅಡ್ಡಗೋಡೆ. ಅಧಿಕಾರ ಚಲಾಯಿಸುವ ಸಾರ್ವಜನಿಕ ಹುದ್ದೆಯನ್ನು ಅವರು ಹಿಡಿಯುವಂತಿಲ್ಲ, ಪಕ್ಷಗಳಲ್ಲಿ ಸಕ್ರಿಯರಾಗುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೇರಳದ ಇಡುಕ್ಕಿಯಲ್ಲಿ ಬಿಜೆಪಿ ಸೇರಿದ ಪಾದ್ರಿಯೊಬ್ಬರನ್ನು ಧರ್ಮಕ್ಷೇತ್ರ ಕೂಡಲೇ ಹೊಣೆಯಿಂದ ಬಿಡಿಸಿತು. ಸ್ವತಂತ್ರ ಸಭೆಗಳ ಪಾಸ್ಟರ್‌ಗಳಿಗೆ ಹೀಗೆ ತಡೆಯುವ ಮೇಲಧಿಕಾರಿಯಿಲ್ಲ. ನೆರೆಯ ಆಂಧ್ರದ ಸುವಾರ್ತಾ ಪ್ರಚಾರಕ ಕೆ. ಎ. ಪಾಲ್ ಪ್ರಜಾಶಾಂತಿ ಎಂಬ ಪಕ್ಷವನ್ನೇ ಕಟ್ಟಿದರು. 2022ರ ಮುನುಗೋಡು ಉಪಚುನಾವಣೆಯಲ್ಲಿ ಅವರಿಗೆ ಸಾವಿರ ಮತವೂ ದಕ್ಕಲಿಲ್ಲ. ಪ್ರಾರ್ಥನಾ ಕೂಟಕ್ಕೆ ಬರುವ ಜನರೆಲ್ಲ ಮತಗಟ್ಟೆಗೂ ಹಿಂಬಾಲಿಸುತ್ತಾರೆಂಬ ಲೆಕ್ಕ ಎಷ್ಟು ಪೊಳ್ಳು ಎಂಬುದಕ್ಕೆ ಅದು ಸಾಕ್ಷಿ. ಅಭ್ಯರ್ಥಿಗಳು ವಿದೇಶಿ ದೇಣಿಗೆ ಸ್ವೀಕರಿಸಬಾರದೆಂಬ 2010ರ ಕಾಯ್ದೆಯ ನಿಯಮವೂ ಹೊರದೇಶದ ನೆರವಿರುವ ಪಾಸ್ಟರ್‌ಗಳಿಗೆ ತೊಡಕಾಗುತ್ತದೆ.

ಚಿಂತಾಮಣಿ, ಶಿಡ್ಲಘಟ್ಟಗಳ ಸಂದರ್ಭದಲ್ಲಿ ಇನ್ನೊಂದು ತಡೆಯಿದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರು ಪರಿಶಿಷ್ಟ ಜಾತಿಗೆ ಸೇರಿದವರೆಂದು ಪರಿಗಣಿತರಾಗುವುದಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ. ಆದ್ದರಿಂದ ದಲಿತ ಮೂಲದ ಪಾಸ್ಟರ್ ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಬೇರೆಯವರಿಗಾಗಿ ಮತ ಕೇಳಬಹುದು, ತಾನು ಸ್ಪರ್ಧಿಸುವಂತಿಲ್ಲ. ಅದೇ ವ್ಯಕ್ತಿ ಗೌರಿಬಿದನೂರಿನ ಮತದಾರನಾಗಿದ್ದರೆ ತನ್ನ ಲೋಕಸಭಾ ಕ್ಷೇತ್ರದಲ್ಲಿ ಈ ತೊಡಕಿಲ್ಲ.

ಮೀಸಲು ಕ್ಷೇತ್ರದಲ್ಲಿ ಗೆದ್ದವರ ಧರ್ಮ ಪ್ರಶ್ನೆಗೊಳಗಾದಾಗ ಚರ್ಚಿನ ಕಪಾಟಿನ ಹಳೆಯ ಪುಸ್ತಕಗಳೇ ನ್ಯಾಯಾಲಯದ ಮೇಜಿಗೆ ಬರುತ್ತವೆ. ಕೇರಳದ ದೇವಿಕುಳಂ ಶಾಸಕ ಎ. ರಾಜಾ ಅವರ ಆಯ್ಕೆಯನ್ನು ಹೈಕೋರ್ಟ್ 2023ರ ಮಾರ್ಚ್ 20ರಂದು ರದ್ದುಪಡಿಸಿದಾಗ ಸಿಎಸ್‌ಐ ಚರ್ಚೊಂದರ ಕುಟುಂಬ ಹಾಗೂ ದೀಕ್ಷಾಸ್ನಾನದ ದಾಖಲೆಗಳು ಮುಖ್ಯ ಆಧಾರವಾಗಿದ್ದವು. 2025ರ ಮೇ 6ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಆಯ್ಕೆಯನ್ನು ಊರ್ಜಿತಗೊಳಿಸಿತು. ಎರಡು ವರ್ಷಗಳ ಈ ವ್ಯಾಜ್ಯದುದ್ದಕ್ಕೂ ಚರ್ಚೆಗೆ ಬಂದದ್ದು ಸಭಾಪಾಲಕರ ಭಾಷಣವಲ್ಲ, ಚರ್ಚಿನ ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದ ಕೆಲವು ಸಾಲುಗಳು.