ನೆಲದಡಿಯ ಬೆಳಕಿಂಡಿ

ದೊಡ್ಡದೊಂದು ಮ್ಯೂಸಿಯಂ ಕಟ್ಟಬೇಕು.
ಆದರೆ ಹೊರಗಿಂದ ಅದು ಕಣ್ಣಿಗೇ ಬೀಳಬಾರದು.
ಹೇಗೆ?

ಬನ್ನಿ, ಜಪಾನಿನ ನವೋಶಿಮಾ ದ್ವೀಪಕ್ಕೆ.
ಉನೊ ಬಂದರಿನಲ್ಲಿ ಫೆರಿ ಹತ್ತಿದರೆ ಸುಮಾರು 20 ನಿಮಿಷ.

ಇಲ್ಲಿ 1917ರಲ್ಲೇ ತಾಮ್ರ ಕರಗಿಸುವ ಕಾರ್ಖಾನೆ ಬಂತು.
ಅದರ ಹೊಗೆಗೆ ಉತ್ತರದ ಗುಡ್ಡಗಳು ಬೋಳಾದವು.
ಅದೇ ದ್ವೀಪದ ದಕ್ಷಿಣಕ್ಕೆ
ವಾಸ್ತುಶಿಲ್ಪಿ ತಡಾವೊ ಆಂಡೊ ಬಂದರು.
ಗುಡ್ಡದ ಅಂದ ಕೆಡಿಸಬಾರದೆಂದು
ಮ್ಯೂಸಿಯಂ ಅನ್ನೇ ಮಣ್ಣಿನೊಳಗೆ ಇಳಿಸಿದರು!

ಹೆಸರು ಚಿಚು.
ಅಂದರೆ, ನೆಲದೊಳಗೆ.
ತೆರೆದದ್ದು 2004ರಲ್ಲಿ.

ಹಾಗಾದರೆ ಒಳಗೆ ಕತ್ತಲೆಯೇ?
ಇಲ್ಲ.
ನಮ್ಮ ಹಳೇ ಹೆಂಚಿನ ಮನೆಯ ಬೆಳಕಿಂಡಿ ನೆನಪಿದೆಯಾ?
ಅಡುಗೆಮನೆಯ ನೆಲದ ಮೇಲೆ
ಬಿಸಿಲಿನ ಚೌಕ ಮೆಲ್ಲಗೆ ಸರಿಯುತ್ತಿತ್ತಲ್ಲ?
ಇಲ್ಲೂ ಹಾಗೇ, ಮೇಲಿನಿಂದ ಬೆಳಕು ಇಳಿಯುತ್ತದೆ.

ಈಗ ಶೂ ಬಿಚ್ಚಿ.
ಚಿತ್ರಕಾರ ಮೋನೆಯ ಚಿತ್ರಗಳ ಕೋಣೆಗೆ ಬಂದಿದ್ದೇವೆ.
ಕಾಲಡಿಯಲ್ಲಿ ಪುಟ್ಟ ಪುಟ್ಟ ಬಿಳಿ ಅಮೃತಶಿಲೆಯ ತುಂಡುಗಳು.
ಗೋಡೆಯ ಮೇಲೆ ನೈದಿಲೆಯ 5 ಚಿತ್ರಗಳು.
ಒಂದೇ ಒಂದು ವಿದ್ಯುತ್ ದೀಪವಿಲ್ಲ.
ಹೊರಗೆ ಮೋಡ ಕವಿದರೆ
ಚಿತ್ರದ ಕೊಳವೂ ಮಂಕಾಗುತ್ತದೆ.
ಬಿಸಿಲು ಬಂತೋ, ನೀಲಿ ಮತ್ತೆ ಅರಳುತ್ತದೆ.
ಅವಸರ ಮಾಡಬೇಡಿ.
ಒಂದು ಮೋಡ ದಾಟುವವರೆಗಾದರೂ ನಿಲ್ಲಿ.

ಒಳಗೆ ಫೋಟೊ ತೆಗೆಯುವಂತಿಲ್ಲ.
ಒಳ್ಳೆಯದೇ ಆಯಿತು,
ಕಣ್ಣಿಗೆ ಪೂರ್ತಿ ಬಿಡುವು.

ಫೋಟೊ ಬೇಕೇ?
ಕಡಲ ಕಟ್ಟೆಗೆ ನಡೆಯಿರಿ.
ಅಲ್ಲಿದೆ ಕಲಾವಿದೆ ಯಾಯೊಯಿ ಕುಸಾಮಾ ಅವರ
ಕಪ್ಪು ಚುಕ್ಕೆಯ ಹಳದಿ ಕುಂಬಳಕಾಯಿ ಶಿಲ್ಪ.
2021ರ ಚಂಡಮಾರುತ ಅದನ್ನು ಸಮುದ್ರಕ್ಕೆ ಎಳೆದೊಯ್ದಿತ್ತು.
ಮರುವರ್ಷ ಹೊಸದನ್ನು ಮಾಡಿ
ಅದೇ ಜಾಗದಲ್ಲಿ ಕೂರಿಸಿದರು.
ಅಲೆಗಳಿಗೆ ಅಷ್ಟೇ ಹತ್ತಿರ.