ಹಾಳೆಯ ಬೆನ್ನಿನ ಉಬ್ಬು

ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕ ಸಿಕ್ಕರೆ, ಹಾಳೆ ಮಗುಚಿ ಅದರ ಬೆನ್ನ ಮೇಲೆ ಬೆರಳಾಡಿಸಿ ನೋಡಿ. ಅಕ್ಷರಗಳ ಉಬ್ಬು ಕೈಗೆ ತಾಕಿದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಆಗಿನ ಲೆಕ್ಕದಲ್ಲಿ ಅದು ಒರಟು ಕೆಲಸ. ಮಸಿ ಹಚ್ಚಿದ ಮೊಳೆ ಕಾಗದಕ್ಕೆ ಸೋಕಿದರೆ ಸಾಕು. ಜೋರಾಗಿ ಒತ್ತಿದರೆ ಹಿಂಬದಿಯ ಪುಟ ಓದಲಾಗದು, ಮೊಳೆಯೂ ಸವೆಯುತ್ತದೆ.

ಸವೆತದ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮೊಳೆಯ ಬಹುಪಾಲು ಸೀಸ. ಅಪ್ಪಟ ಸೀಸ ಉಗುರಿನಲ್ಲಿ ಗೀರಿದರೂ ಗೆರೆ ಮೂಡುವಷ್ಟು ಮೆದು, ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು, ತಣಿಯುವಾಗ ಕುಗ್ಗುತ್ತದೆ ಬೇರೆ. ಅದಕ್ಕೇ ಆಂಟಿಮನಿ, ತವರ ಬೆರೆಸುತ್ತಿದ್ದರು. ಆಂಟಿಮನಿ ಗಡಸುತನ ಕೊಟ್ಟು ಕುಗ್ಗುವಿಕೆಗೆ ಕಡಿವಾಣ ಹಾಕುತ್ತದೆ. ತವರ ಸೇರಿದ ದ್ರವ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಇಡೀ ಸಾಲನ್ನೇ ಎರಕ ಹೊಯ್ಯುವ ಲೈನೋಟೈಪ್ ಯಂತ್ರಕ್ಕೆ ಬಳಸುತ್ತಿದ್ದ ಮಿಶ್ರಣದಲ್ಲಿ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಅದು 240 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಮೂರು ಲೋಹ ಕೂಡಿದಾಗ ಸೀಸಕ್ಕಿಂತ ಬೇಗ ಕರಗುವ, ಸೀಸಕ್ಕಿಂತ ಗಟ್ಟಿಯಾದ ವಸ್ತು!

ಕನ್ನಡದ ಗುಣಿತ, ಒತ್ತಕ್ಷರಗಳಿಗೆ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮೊಳೆ ಬೇಕಿತ್ತು. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಇಂಥ ಮೊಳೆಗಳಿಂದಲೇ ದೂರದ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಆದರೆ 1843ರಲ್ಲಿ ಮಿಷನರಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಗೆ ಮೊಳೆಯೇ ಬೇಕಾಗಲಿಲ್ಲ, ಅದು ಕಲ್ಲಚ್ಚು. ಎಣ್ಣೆಗೂ ನೀರಿಗೂ ಆಗಿಬರದು ಎಂಬ ಸರಳ ಸಂಗತಿಯೇ ಅದರ ಬಂಡವಾಳ: ಕಲ್ಲಿನ ಮೇಲೆ ಜಿಡ್ಡಿನಿಂದ ಬರೆದ ಕಡೆ ಮಸಿ ನಿಲ್ಲುತ್ತದೆ, ಒದ್ದೆಯಾದ ಬರಿಗಲ್ಲಿನ ಮೇಲೆ ನಿಲ್ಲುವುದಿಲ್ಲ. ಕಲ್ಲು ಸಪಾಟು, ಹಾಗಾಗಿ ಉಬ್ಬಿನ ಮಾತೇ ಇಲ್ಲ. ಮುಂದೆ ಮೊಳೆಯ ಅನ್ನ ಕಸಿದ ಆಫ್‌ಸೆಟ್ ಈ ಕಲ್ಲಚ್ಚಿನ ಮೊಮ್ಮಗಳೇ.

ಈಗ ಅಮೆರಿಕ, ಬ್ರಿಟನ್ನಿನ ಸಣ್ಣ ಅಚ್ಚುಕೂಟಗಳಲ್ಲಿ ಮೊಳೆಯ ಯಂತ್ರಗಳು ಮತ್ತೆ ಸದ್ದು ಮಾಡುತ್ತಿವೆ. ಮದುವೆಯ ಕರೆಯೋಲೆಗೆ ದಪ್ಪ ಹತ್ತಿ ಕಾಗದ, ಅದರಲ್ಲಿ ಬೇಕೆಂದೇ ಆಳವಾಗಿ ಒತ್ತಿದ ಅಕ್ಷರ. ಹಳಬರು ಬೈಯುತ್ತಿದ್ದ ತಪ್ಪಿಗೇ ಗಿರಾಕಿ ಹೆಚ್ಚು ಹಣ ಕೊಡುತ್ತಾನೆ! ಸೀಸ ಸವೆಯುವ ಚಿಂತೆಯೂ ಕಡಿಮೆ, ಏಕೆಂದರೆ ಎಷ್ಟೋ ಕಡೆ ಮೊಳೆಯ ಬದಲು ಫೋಟೋಪಾಲಿಮರ್ ಎಂಬ ಪ್ಲಾಸ್ಟಿಕ್ ಫಲಕ ಬಂದಿದೆ. ನೆಗೆಟಿವ್ ಮೂಲಕ ನೇರಳಾತೀತ ಬೆಳಕು ಬಿದ್ದ ಭಾಗ ಗಟ್ಟಿಯಾಗಿ ಅಕ್ಷರವಾಗುತ್ತದೆ, ಮಿಕ್ಕದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಹಳೆಯ ಯಂತ್ರದಲ್ಲಿ ಒತ್ತುವುದನ್ನು ಮೊಳೆಯಚ್ಚು ಎನ್ನಬೇಕೆ? ನನಗಂತೂ ಅರ್ಧ ಮನಸ್ಸು.

ನಮ್ಮ ಊರುಗಳಲ್ಲಿ ಮೊಳೆಯಚ್ಚಿನ ಟ್ರೆಡಲ್ ಮಷಿನ್ ಪೂರ್ತಿ ಸತ್ತಿರಲೇ ಇಲ್ಲ. ಬಿಲ್ ಪುಸ್ತಕಕ್ಕೆ ನಂಬರ್ ಹಾಕಲು, ಹರಿಯುವ ಗೆರೆಗೆ ತೂತು ಹೊಡೆಯಲು ಅದನ್ನು ಉಳಿಸಿಕೊಂಡವರಿದ್ದಾರೆ. ಮುಂದಿನ ಸಲ ರಸೀದಿ ಸಿಕ್ಕಾಗ ನಂಬರಿನ ಹಿಂದೆ ಬೆರಳಾಡಿಸಿ ನೋಡಿ.